ಇಬ್ಬರು ಕೂತು ಒಂದೇ ಕೆಲಸ ಮಾಡಿದರೆ ಇಬ್ಬರೂ ಕಲಿಯುತ್ತಾರೆಯೇ, ಅಥವಾ ಒಬ್ಬರೇ ದುಡಿಯುತ್ತಾರೆಯೇ?

ವಿದ್ಯಾನಗರದ ಮಾಸ್ತರ, ಹುಬ್ಬಳ್ಳಿ

ಎಲ್ಲರಿಗೂ ನಮಸ್ಕಾರ. ಹುಬ್ಬಳ್ಳಿಯ ಕಾಲೇಜೊಂದರಲ್ಲಿ ನಾನು ಕಂಪ್ಯೂಟರ್ ವಿಜ್ಞಾನ ಕಲಿಸುತ್ತೇನೆ. ನಮ್ಮ ಲ್ಯಾಬಿನಲ್ಲಿ ಯಂತ್ರಗಳು ಕಡಿಮೆ ಇದ್ದುದರಿಂದ ಒಂದು ಕಂಪ್ಯೂಟರಿನ ಮುಂದೆ ಇಬ್ಬರನ್ನು ಕೂರಿಸುವುದು ಮೊದಲಿನಿಂದ ಬಂದ ರೂಢಿ. ಮೊದಲ ದಿನ ಕೀಬೋರ್ಡು ಯಾರ ಮುಂದೆ ಬಂತೋ ಸೆಮಿಸ್ಟರ್ ಮುಗಿಯುವವರೆಗೂ ಅದು ಅವರದೇ. ಪಕ್ಕದವರು ಕುರ್ಚಿಯನ್ನು ಅರ್ಧ ತಿರುಗಿಸಿಕೊಂಡು ರೆಕಾರ್ಡ್ ಬರೆಯುತ್ತಿರುತ್ತಾರೆ, ಇಲ್ಲವೆ ಮೇಜಿನ ಕೆಳಗೆ ಮೊಬೈಲ್ ನೋಡುತ್ತಿರುತ್ತಾರೆ. ಪ್ರಾಯೋಗಿಕ ಪರೀಕ್ಷೆಯಲ್ಲಿ ಅದೇ ಪಕ್ಕದವರು ಒಂದು ಸಾದಾ ಲೂಪ್ (ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವ ಪ್ರೋಗ್ರಾಮಿನ ತುಣುಕು) ಬರೆಯಲಾಗದೆ ಪರದೆಯನ್ನೇ ದಿಟ್ಟಿಸುತ್ತ ಕೂತಿರುವುದನ್ನು ಪ್ರತಿ ವರ್ಷ ನೋಡುತ್ತೇನೆ.

ಈ ವರ್ಷ ಹೊಸ ಯಂತ್ರಗಳು ಬರುತ್ತಿವೆ, ತಲೆಗೊಂದರಂತೆ ಸಾಕಾಗುತ್ತವೆ. ಇನ್ನು ಮುಂದೆ ಒಬ್ಬೊಬ್ಬರೇ ಕೂರಲಿ ಎಂಬುದು ಸಹೋದ್ಯೋಗಿಗಳ ಅಭಿಪ್ರಾಯ. ಕೊರತೆಗಾಗಿ ಮಾಡುತ್ತಿದ್ದುದನ್ನು ಈಗ ಬೇಕೆಂದೇ, ಒಂದು ಕ್ರಮ ಹಾಕಿಕೊಂಡು ಮಾಡಿ ನೋಡಬಾರದೇಕೆ ಎಂಬುದು ನನ್ನ ಯೋಚನೆ. ಕಂಪ್ಯೂಟರ್ ಕ್ಷೇತ್ರದವರಷ್ಟೇ ಅಲ್ಲ, ಯಾವ ಕಸುಬಿನಲ್ಲಾದರೂ ಇಬ್ಬರು ಕೂಡಿ ಒಂದೇ ಕೆಲಸ ಮಾಡಿದ ಅನುಭವ ಇರುವವರು ದಯವಿಟ್ಟು ತಿಳಿಸಬೇಕು. ಸುಮ್ಮನೆ ಕೂತವರನ್ನು ಕೆಲಸದೊಳಗೆ ಎಳೆದು ತರುವುದು ಹೇಗೆ, ಮತ್ತು ಇಬ್ಬರ ಕೆಲಸಕ್ಕೆ ಅಂಕ ಕೊಡುವುದು ಹೇಗೆ ಎಂಬ ಎರಡು ಪ್ರಶ್ನೆಗಳಿಗೆ ನನಗೆ ಉತ್ತರ ಬೇಕಾಗಿದೆ.

ಗೋಕುಲ ರಸ್ತೆಯವ, ಹುಬ್ಬಳ್ಳಿ

ಸರ್, ನೀವು ವಿವರಿಸಿದ್ದು ಒಬ್ಬರ ಕೆಲಸ ಮತ್ತು ಇನ್ನೊಬ್ಬರ ಹಾಜರಿ. ಅದನ್ನು ಇಬ್ಬರ ಕೆಲಸ ಎನ್ನಲು ಬರುವುದಿಲ್ಲ.

ಸಾಫ್ಟ್‌ವೇರ್ ಉದ್ಯೋಗದಲ್ಲಿ ಇದಕ್ಕೆ ಪೇರ್ ಪ್ರೋಗ್ರಾಮಿಂಗ್ ಎನ್ನುತ್ತೇವೆ. 1990ರ ದಶಕದ ಕೊನೆಯಲ್ಲಿ ಕೆಂಟ್ ಬೆಕ್ ಮತ್ತು ಸಂಗಡಿಗರು ಎಕ್ಸ್‌ಟ್ರೀಮ್ ಪ್ರೋಗ್ರಾಮಿಂಗ್ ಎಂಬ ಪದ್ಧತಿಯನ್ನು ಮುಂದಿಟ್ಟಾಗ ಅದರ ಮುಖ್ಯ ಅಭ್ಯಾಸಗಳಲ್ಲಿ ಇದೂ ಒಂದಾಗಿತ್ತು. ಕೀಬೋರ್ಡು ಹಿಡಿದವರು ಡ್ರೈವರ್, ಪಕ್ಕದಲ್ಲಿ ಕೂತವರು ನ್ಯಾವಿಗೇಟರ್. ಡ್ರೈವರಿನ ಗಮನ ಈಗ ಬರೆಯುತ್ತಿರುವ ಸಾಲಿನ ಮೇಲಿರುತ್ತದೆ. ನ್ಯಾವಿಗೇಟರಿನ ಗಮನ ಈ ಸಾಲು ಮುಂದೆ ಎಲ್ಲಿ ಹೋಗಿ ಮುಟ್ಟುತ್ತದೆ, ಏನನ್ನು ಕೆಡಿಸಬಹುದು, ಯಾವ ಸಂದರ್ಭ ಬಿಟ್ಟುಹೋಯಿತು ಎಂಬುದರ ಮೇಲಿರುತ್ತದೆ. ಎರಡೂ ಬೇರೆ ಬೇರೆ ಕೆಲಸಗಳಾದ್ದರಿಂದಲೇ ಇಬ್ಬರು ಬೇಕಾಗುತ್ತಾರೆ. ಪಾಳಿ ಆಗಾಗ ಬದಲಾಗಬೇಕು, ಮತ್ತು ಗಡಿಯಾರ ನೋಡಿ ಬದಲಾಗಬೇಕು. ನಿಮಗೆ ಬೇಕೆನ್ನಿಸಿದಾಗ ಬದಲಿಸಿಕೊಳ್ಳಿ ಎಂದರೆ ಯಾರೂ ಬದಲಿಸಿಕೊಳ್ಳುವುದಿಲ್ಲ.

ಕಲಿಯುವವರಿಗೆ ಇದಕ್ಕಿಂತ ಬಿಗಿಯಾದ ಒಂದು ಕ್ರಮವಿದೆ. ಲೆವೆಲಿನ್ ಫಾಲ್ಕೋ ಎಂಬ ಪ್ರೋಗ್ರಾಮರ್ ಅದನ್ನು ಪ್ರಚಾರಕ್ಕೆ ತಂದರು: ನಿನ್ನ ತಲೆಯಲ್ಲಿರುವ ವಿಚಾರ ಕಂಪ್ಯೂಟರಿಗೆ ಹೋಗಬೇಕಾದರೆ ಇನ್ನೊಬ್ಬರ ಕೈಯಿಂದಲೇ ಹೋಗಬೇಕು. ಅಂದರೆ ಉಪಾಯ ಹೊಳೆದವರು ಕೀಬೋರ್ಡು ಕಸಿದುಕೊಳ್ಳುವಂತಿಲ್ಲ, ಬಾಯಿಬಿಟ್ಟು ಹೇಳಿ ಬರೆಸಬೇಕು. ಹುಷಾರಾದ ಹುಡುಗನಿಗೆ ಇದು ಬಹಳ ಕಷ್ಟ. ಆದರೆ ಪಕ್ಕದ ಹುಡುಗಿಯ ಬೆರಳು ಓಡುವುದಕ್ಕೆ ಬೇರೆ ದಾರಿಯಿಲ್ಲ.

ಒಂದು ಉದಾಹರಣೆ. ಹತ್ತು ಅಂಕಿಗಳ ಪಟ್ಟಿಯ ಮೊತ್ತ ತೆಗೆಯಬೇಕು ಎಂದುಕೊಳ್ಳಿ. ಒಬ್ಬನೇ ಕೂತವನು ‘ಸೊನ್ನೆಯಿಂದ ಹತ್ತರವರೆಗೆ’ ಎಂದು ಬರೆದು ಮುಂದೆ ಹೋಗುತ್ತಾನೆ. ಇಬ್ಬರಿದ್ದರೆ ಬರೆಯುವವಳು ಕೈ ತಡೆದು ‘ಹತ್ತೂ ಸೇರಿತೇನು?’ ಎಂದು ಕೇಳುತ್ತಾಳೆ. ಸಿ ಭಾಷೆಯಲ್ಲಿ ಎಣಿಕೆ ಸೊನ್ನೆಯಿಂದ ಶುರುವಾಗುವುದರಿಂದ ಹತ್ತು ಸೇರಿದರೆ ಹನ್ನೊಂದನೆಯ ಮನೆಗೆ ಕೈ ಹಾಕಿದಂತಾಗುತ್ತದೆ. ಪ್ರೋಗ್ರಾಂ ಕೆಲವೊಮ್ಮೆ ನಿಂತುಬಿಡುತ್ತದೆ, ಕೆಲವೊಮ್ಮೆ ಏನೂ ಹೇಳದೆ ತಪ್ಪು ಮೊತ್ತ ಕೊಡುತ್ತದೆ. ಆ ಒಂದು ಪ್ರಶ್ನೆ ಕೇಳಿದವಳಿಗೂ ಕಲಿಸುತ್ತದೆ, ಉತ್ತರಿಸಬೇಕಾದವನಿಗೂ ಕಲಿಸುತ್ತದೆ.

ಅಮೆರಿಕದ ಯೂಟಾ ವಿಶ್ವವಿದ್ಯಾಲಯದಲ್ಲಿ ಲಾರಿ ವಿಲಿಯಮ್ಸ್ ಮತ್ತು ಸಂಗಡಿಗರು ವಿದ್ಯಾರ್ಥಿಗಳ ಮೇಲೆ ಪ್ರಯೋಗ ನಡೆಸಿ 2000ದಲ್ಲಿ ಫಲಿತಾಂಶ ಪ್ರಕಟಿಸಿದ್ದಾರೆ. ಜೋಡಿಗಳ ಒಟ್ಟು ಶ್ರಮ ಒಬ್ಬೊಬ್ಬರೇ ಮಾಡಿದ್ದಕ್ಕಿಂತ ಪ್ರತಿಶತ 15ರಷ್ಟು ಹೆಚ್ಚಾಯಿತು, ದೋಷಗಳು ಹೆಚ್ಚುಕಡಿಮೆ ಅಷ್ಟೇ ಪ್ರಮಾಣದಲ್ಲಿ ಕಡಿಮೆಯಾದವು. ಇಬ್ಬರು ಕೂತರೆ ಖರ್ಚು ಎರಡು ಪಟ್ಟಾಗುತ್ತದೆ ಎಂಬ ಲೆಕ್ಕ ಅಲ್ಲಿ ನಿಲ್ಲಲಿಲ್ಲ.

ಕೇಶ್ವಾಪುರ ಲೆಕ್ಕಿಗ, ಹುಬ್ಬಳ್ಳಿ

ಮೇಲಿನ ಸಹೋದರರು ಒಂದು ಕಡೆಯ ಲೆಕ್ಕವನ್ನಷ್ಟೇ ಕೊಟ್ಟಿದ್ದಾರೆ. ಎರಿಕ್ ಆರಿಶೋಲ್ಮ್ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದೆ. ಅದರಲ್ಲಿ ಪಾಲ್ಗೊಂಡವರು ವಿದ್ಯಾರ್ಥಿಗಳಲ್ಲ, 295 ಮಂದಿ ವೃತ್ತಿಪರ ಸಲಹೆಗಾರರು. ಅಲ್ಲಿ ಜೋಡಿಗಳಿಗೆ ತಗುಲಿದ ಒಟ್ಟು ಶ್ರಮ ಪ್ರತಿಶತ 84ರಷ್ಟು ಹೆಚ್ಚು. ಒಟ್ಟಾರೆ ನೋಡಿದರೆ ವೇಗದಲ್ಲಾಗಲಿ ಕೆಲಸದ ನಿಖರತೆಯಲ್ಲಾಗಲಿ ಹೇಳಿಕೊಳ್ಳುವಂತಹ ಲಾಭ ಕಾಣಲಿಲ್ಲ. ಕಠಿಣ ಕೆಲಸ ಸಿಕ್ಕಿದ ಹೊಸಬರಿಗೆ ಮಾತ್ರ ಚೆನ್ನಾಗಿ ಉಪಯೋಗವಾಯಿತು. ಸಂಬಳ ಕೊಡುವವರು ಈ ಅಂಕಿಯನ್ನೂ ನೋಡಬೇಕಲ್ಲವೇ?

ಪುಕ್ಕಟೆ ಸವಾರಿಯ ವಿಷಯಕ್ಕೆ ಬಂದರೆ ಅದು ಬಹಳ ಹಳೆಯದು. ಮ್ಯಾಕ್ಸ್ ರಿಂಗೆಲ್‌ಮನ್ ಎಂಬ ಫ್ರೆಂಚ್ ಕೃಷಿ ಎಂಜಿನಿಯರ್ ಜನರಿಂದ ಹಗ್ಗ ಎಳೆಯಿಸಿ ಅಳತೆ ಮಾಡಿ 1913ರಲ್ಲಿ ಪ್ರಕಟಿಸಿದ. ಎಳೆಯುವವರ ಸಂಖ್ಯೆ ಹೆಚ್ಚಿದಂತೆ ಪ್ರತಿಯೊಬ್ಬರ ಬಲ ಕಡಿಮೆಯಾಗುತ್ತ ಹೋಗುತ್ತದೆ, ಮತ್ತು ಆ ಇಳಿಕೆ ಇಬ್ಬರಿಂದಲೇ ಶುರುವಾಗುತ್ತದೆ. ಹೊಸ ವಿಚಾರ ಹುಡುಕುವ ಕೆಲಸದಲ್ಲಂತೂ ಜನ ಬೇರೆ ಬೇರೆ ಕೂತು ಬರೆದ ವಿಚಾರಗಳನ್ನು ಒಟ್ಟು ಮಾಡಿದರೆ, ಅವರೇ ಒಂದೆಡೆ ಸೇರಿ ಹೇಳಿದ್ದಕ್ಕಿಂತ ಹೆಚ್ಚು ಸಿಗುತ್ತವೆ ಎಂದು 1958ರಲ್ಲೇ ಯೇಲ್ ವಿಶ್ವವಿದ್ಯಾಲಯದವರು ತೋರಿಸಿದ್ದರು.

ಇನ್ನೂ ಒಂದು ಮಾತು. ಕೆಲವರಿಗೆ ಪಕ್ಕದಲ್ಲಿ ಯಾರಾದರೂ ಕೂತರೆ ತಲೆಯೇ ಓಡುವುದಿಲ್ಲ. ಅದನ್ನು ಸಂಕೋಚ ಎಂದು ಬೈಯುವುದು ಸುಲಭ, ಆದರೆ ಅವರು ಒಬ್ಬರೇ ಕೂತು ಮಾಡಿದ ಕೆಲಸ ಎಷ್ಟೋ ಸಲ ಉಳಿದವರದ್ದಕ್ಕಿಂತ ಅಚ್ಚುಕಟ್ಟಾಗಿರುತ್ತದೆ. ಅವರನ್ನು ಬಲವಂತದಿಂದ ಜೋಡಿಗೆ ಕಟ್ಟುವುದು ನ್ಯಾಯವೇ?

ಮೊಳೆ ಜೋಡಿಸಿದವ, ಗದಗ

ಗದಗ ಅಂದರೆ ಛಾಪಖಾನೆಗಳ ಊರು. ನಾನು ಮೊಳೆ, ಅಂದರೆ ಅಚ್ಚಿನ ಬಿಡಿ ಅಕ್ಷರ, ಜೋಡಿಸುವ ಕಾಲದಿಂದ ಆಫ್‌ಸೆಟ್ ಬರುವವರೆಗೂ ಆ ಕೆಲಸದಲ್ಲಿದ್ದೆ. ನಮ್ಮಲ್ಲಿ ಪ್ರೂಫ್ ನೋಡುವುದು ಎಂದರೆ ಇಬ್ಬರ ಕೆಲಸವೇ ಆಗಿತ್ತು, ಮತ್ತು ಇಬ್ಬರಿಗೂ ಬೇರೆ ಬೇರೆ ಕೆಲಸ ಎಂದು ಗೋಕುಲ ರಸ್ತೆಯವರು ಹೇಳಿದ್ದು ಅಲ್ಲಿಗೆ ಅಕ್ಷರಶಃ ಹೊಂದುತ್ತದೆ. ಒಬ್ಬ ಹಸ್ತಪ್ರತಿಯನ್ನು ಕೈಯಲ್ಲಿ ಹಿಡಿದು ಗಟ್ಟಿಯಾಗಿ ಓದುವವನು. ಇನ್ನೊಬ್ಬ ಕರಡಚ್ಚಿನ ಮೇಲೆ ಕಣ್ಣಿಟ್ಟು ಪೆನ್ಸಿಲ್ ಹಿಡಿದವನು.

ಓದುವುದು ಎಂದರೆ ಪುರಾಣ ಓದಿದಂತೆ ರಾಗವಾಗಿ ಓದುವುದಲ್ಲ. ಅಲ್ಪವಿರಾಮ, ಪೂರ್ಣವಿರಾಮ, ಹೊಸ ಪ್ಯಾರಾ, ಎಲ್ಲವನ್ನೂ ಬಾಯಲ್ಲಿ ಹೇಳಬೇಕು. ಶ ಮತ್ತು ಷ ಕಿವಿಗೆ ಒಂದೇ ಆದ್ದರಿಂದ ಅನುಮಾನ ಬರುವಲ್ಲಿ ಶಂಕರನ ಶ, ಷಣ್ಮುಖನ ಷ ಎಂದು ಬಿಡಿಸಿ ಹೇಳುತ್ತಿದ್ದೆವು. ಧ ಮತ್ತು ಥ ನಡುವೆ ಇರುವುದು ಹೊಟ್ಟೆಯೊಳಗಿನ ಒಂದು ಚುಕ್ಕೆ, ಪ ಮತ್ತು ಫ ನಡುವೆ ಇರುವುದು ಕೆಳಗಿನ ಒಂದು ಸೀಳು. ಸವೆದ ಮೊಳೆಯಲ್ಲಿ ಎರಡೂ ಮಾಯವಾಗಿರುತ್ತಿದ್ದವು. ಕಿವಿಯಲ್ಲಿ ‘ಥ’ ಎಂದು ಬಿದ್ದಾಗಲೇ ಕಣ್ಣು ಆ ಚುಕ್ಕೆಯನ್ನು ಹುಡುಕುತ್ತದೆ.

ಒಬ್ಬರೇ ನೋಡಿದರೆ ಎಂದಿಗೂ ಸಿಗದ ಒಂದು ತಪ್ಪಿದೆ. ಹಸ್ತಪ್ರತಿಯಲ್ಲಿ ಹತ್ತಿರ ಹತ್ತಿರದ ಎರಡು ಸಾಲುಗಳು ಒಂದೇ ಶಬ್ದದಿಂದ, ‘ಸರಕಾರವು’ ಎಂದುಕೊಳ್ಳಿ, ಶುರುವಾದರೆ ಜೋಡಿಸುವವನ ಕಣ್ಣು ಮೊದಲನೆಯದರಿಂದ ಎರಡನೆಯದಕ್ಕೆ ಜಾರಿ ನಡುವಿನ ಸಾಲು ಪೂರ್ತಿ ಬಿಟ್ಟುಹೋಗುತ್ತದೆ. ಕರಡನ್ನಷ್ಟೇ ಓದುವವನಿಗೆ ಅದು ಗೊತ್ತಾಗುವುದಿಲ್ಲ, ಏಕೆಂದರೆ ಉಳಿದ ವಾಕ್ಯಕ್ಕೂ ಅರ್ಥ ಇದ್ದೇ ಇರುತ್ತದೆ. ಇನ್ನೊಬ್ಬ ಓದುತ್ತಿದ್ದರೆ ಮಾತ್ರ ಕಿವಿಯಲ್ಲಿ ಬಂದದ್ದು ಕಣ್ಣಿಗೆ ಸಿಗದೆ ಅಲ್ಲೇ ಪೆನ್ಸಿಲ್ ನಿಲ್ಲುತ್ತದೆ.

ಕೇಶ್ವಾಪುರದವರು ಖರ್ಚಿನ ಮಾತು ಎತ್ತಿದ್ದು ಸರಿಯಾಗಿಯೇ ಇದೆ. ನಮ್ಮ ಮಾಲೀಕರೂ ಲಗ್ನಪತ್ರಿಕೆಗೆ ಇಬ್ಬರನ್ನು ಕೂರಿಸುತ್ತಿರಲಿಲ್ಲ. ಪಠ್ಯಪುಸ್ತಕ, ಪಂಚಾಂಗ, ಕೋರ್ಟಿನ ಕಾಗದ, ಇವುಗಳಿಗೆ ಮಾತ್ರ ಇಬ್ಬರು. ಪಂಚಾಂಗದಲ್ಲಿ ಒಂದು ಅಂಕಿ ತಪ್ಪಿದರೆ ವರ್ಷವಿಡೀ ಬೈಗುಳ ತಿನ್ನಬೇಕಾಗುತ್ತಿತ್ತು. ಯಾವ ಕೆಲಸಕ್ಕೆ ಇಬ್ಬರು ಬೇಕು ಎಂಬುದನ್ನು ತಪ್ಪಿನ ಬೆಲೆ ನೋಡಿ ನಿರ್ಧರಿಸಬೇಕು ಎಂಬುದು ನನ್ನ ಅಭಿಪ್ರಾಯ.

ಕಲಿಕೆಯ ವಿಷಯವಾಗಿ ಹೇಳುವುದಾದರೆ, ಕಾಪಿ ಓದಲು ಕೂರಿಸುತ್ತಿದ್ದುದು ಹೊಸದಾಗಿ ಸೇರಿದ ಹುಡುಗರನ್ನೇ. ಓದಿ ಓದಿ ಗಂಟಲು ಒಣಗಿದಾಗ ಪಾಳಿ ಬದಲಾಗುತ್ತಿತ್ತು, ಆಗ ಪೆನ್ಸಿಲ್ ಹುಡುಗನ ಕೈಗೆ ಬರುತ್ತಿತ್ತು. ಒತ್ತಕ್ಷರ, ದೀರ್ಘ, ಮಹಾಪ್ರಾಣ ಇವೆಲ್ಲವನ್ನೂ ಆ ಹುಡುಗರು ವ್ಯಾಕರಣ ಪುಸ್ತಕ ಮುಟ್ಟದೆ ಅಲ್ಲೇ ಕಲಿತರು.

ಗಣಿತದ ಅಕ್ಕೋರು, ಹಾವೇರಿ ಜಿಲ್ಲೆ

ಹಿರಿಯರು ಬರೆದದ್ದನ್ನು ಓದಿ ಸಂತೋಷವಾಯಿತು. ನಾನು ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತೇನೆ, ನಮ್ಮದು ಹಳ್ಳಿಯ ಶಾಲೆ.

ಕೇಶ್ವಾಪುರದ ಸರ್ ಅವರು ಬೇರೆ ಬೇರೆ ಕೂತು ಯೋಚಿಸಿದರೆ ಹೆಚ್ಚು ವಿಚಾರ ಬರುತ್ತವೆ ಎಂದರು. ತರಗತಿಯಲ್ಲಿ ಅದಕ್ಕೆ ಅವಕಾಶ ಕೊಟ್ಟೇ ಜೋಡಿ ಮಾಡಬೇಕು. ಮೇರಿಲ್ಯಾಂಡಿನ ಫ್ರಾಂಕ್ ಲೈಮನ್ 1981ರಲ್ಲಿ ಹೇಳಿದ ಕ್ರಮ ಇದೇ: ಮೊದಲು ಒಬ್ಬರೇ ಯೋಚಿಸಬೇಕು, ಆಮೇಲೆ ಪಕ್ಕದವರೊಂದಿಗೆ ಮಾತಾಡಬೇಕು, ಕೊನೆಗೆ ಎಲ್ಲರ ಮುಂದೆ ಹೇಳಬೇಕು. ಮೊದಲ ಹೆಜ್ಜೆ ಬಿಟ್ಟರೆ ಬೇಗ ಬಾಯಿಬಿಡುವ ಮಗುವಿನ ಉತ್ತರವೇ ಇಬ್ಬರ ಉತ್ತರವಾಗಿಬಿಡುತ್ತದೆ. ಆದ್ದರಿಂದ ನಾನು ಲೆಕ್ಕ ಕೊಟ್ಟ ಮೇಲೆ ಸ್ವಲ್ಪ ಹೊತ್ತು ತರಗತಿಯಲ್ಲಿ ಪೂರ್ತಿ ಮೌನ ಇಡಿಸುತ್ತೇನೆ. ತಮ್ಮ ತಮ್ಮ ಪಟ್ಟಿಯಲ್ಲಿ ಉತ್ತರ ಬರೆದ ಮೇಲೆಯೇ ಪಕ್ಕಕ್ಕೆ ತಿರುಗಬೇಕು.

ಅರ್ಧ ಮತ್ತು ಮೂರನೆಯ ಒಂದನ್ನು ಕೂಡಿಸಲು ಹೇಳಿದೆ. ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿಸಿ ಐದನೆಯ ಎರಡು ಎಂದು ಒಂದು ಬೆಂಚಿನ ಇಬ್ಬರೂ ಬರೆದಿದ್ದರು. ಇಬ್ಬರದೂ ಒಂದೇ ಉತ್ತರವಾದ್ದರಿಂದ ಮಾತು ಮುಗಿಯಿತು ಎಂದುಕೊಂಡಿದ್ದೆ. ಆದರೆ ಹೇಗೆ ಬಂತೆಂದು ಒಬ್ಬರಿಗೊಬ್ಬರು ಹೇಳಲೇಬೇಕು ಎಂಬ ನಿಯಮವಿತ್ತು. ಹೇಳುತ್ತ ಹೇಳುತ್ತ ಒಬ್ಬಳು ತಡೆದು, ‘ಅರ್ಧ ರೊಟ್ಟಿ ಮೊದಲೇ ತಾಟಿನಾಗ ಐತಿ, ಅದರ ಮ್ಯಾಲೆ ಇನ್ನೊಂದು ತುಣುಕು ಹಾಕಿದರ ಅರ್ಧಕ್ಕಿಂತ ಕಡಿಮಿ ಹೆಂಗ ಆಕ್ಕೈತಿ?’ ಎಂದಳು. ಐದನೆಯ ಎರಡು ಅರ್ಧಕ್ಕಿಂತ ಕಡಿಮೆ ಎಂಬುದನ್ನು ಇಬ್ಬರೂ ಆಗಲೇ ಕಂಡರು. ಆರನೆಯ ಐದು ಎಂಬಲ್ಲಿಗೆ ಬರಲು ಅವರಿಗೆ ಬಹಳ ಹೊತ್ತು ಹಿಡಿಯಿತು, ನಡುವೆ ನಾನು ಬಾಯಿ ಹಾಕಲಿಲ್ಲ.

ಇಬ್ಬರಿಗೂ ಉತ್ತರ ಗೊತ್ತಿಲ್ಲದಿದ್ದರೂ ಮಾತಿನಿಂದ ಸರಿಯುತ್ತರ ಹೊರಬರಬಹುದು ಎಂಬುದು ನನ್ನ ಒಬ್ಬಳ ಅನುಭವವಲ್ಲ. ಹಾರ್ವರ್ಡಿನಲ್ಲಿ ಭೌತಶಾಸ್ತ್ರ ಕಲಿಸುವ ಎರಿಕ್ ಮಜೂರ್ 1990ರ ದಶಕದಿಂದ ದೊಡ್ಡ ತರಗತಿಗಳಲ್ಲೇ ಹೀಗೆ ಮಾಡುತ್ತಿದ್ದಾರೆ: ಪ್ರಶ್ನೆ, ಒಬ್ಬೊಬ್ಬರ ಉತ್ತರ, ಪಕ್ಕದವರೊಂದಿಗೆ ಚರ್ಚೆ, ಮತ್ತೆ ಅದೇ ಪ್ರಶ್ನೆಗೆ ಉತ್ತರ. ಕೊಲರಾಡೋದ ತಳಿಶಾಸ್ತ್ರ ತರಗತಿಯಲ್ಲಿ ಇದನ್ನೇ ಪರೀಕ್ಷಿಸಿ 2009ರಲ್ಲಿ ಪ್ರಕಟಿಸಿದಾಗ, ಗುಂಪಿನಲ್ಲಿ ಯಾರಿಗೂ ಮೊದಲು ಸರಿಯುತ್ತರ ಗೊತ್ತಿಲ್ಲದ ಸಂದರ್ಭಗಳಲ್ಲೂ ಚರ್ಚೆಯ ನಂತರ ತಿಳಿವಳಿಕೆ ಹೆಚ್ಚಿದ್ದು ಕಂಡುಬಂತು.

ಇವೆಲ್ಲ ಹೊರದೇಶದ ಹೆಸರುಗಳಾದವು ಎಂದು ಯಾರಾದರೂ ಮುಖ ಗಂಟಿಕ್ಕುವ ಮೊದಲೇ ಒಂದು ಮಾತು. ಆಂಡ್ರ್ಯೂ ಬೆಲ್ ಎಂಬ ಪಾದ್ರಿ ಮದ್ರಾಸಿನಲ್ಲಿದ್ದಾಗ ನಮ್ಮ ಮಕ್ಕಳು ಮರಳಿನ ಮೇಲೆ ಬೆರಳಾಡಿಸಿ ಬರೆಯುವುದನ್ನು ನೋಡಿ, ಮಕ್ಕಳಿಂದಲೇ ಮಕ್ಕಳಿಗೆ ಕಲಿಸುವ ಪದ್ಧತಿಯನ್ನು ತನ್ನ ಅನಾಥಾಲಯದ ಶಾಲೆಯಲ್ಲಿ ನಡೆಸಿ, 1797ರಲ್ಲಿ ಇಂಗ್ಲೆಂಡಿನಲ್ಲಿ ಅದರ ವರದಿ ಅಚ್ಚು ಹಾಕಿಸಿದ. ಅದಕ್ಕೆ ಅಲ್ಲಿಯವರು ಮದ್ರಾಸ್ ಪದ್ಧತಿ ಎಂದೇ ಹೆಸರಿಟ್ಟರು.

ಮಾಸ್ತರರೇ, ಜೋಡಿ ಮಾಡುವಾಗ ಬಹಳ ಹುಷಾರಾದ ಮಗುವನ್ನು ಬಹಳ ಹಿಂದುಳಿದ ಮಗುವಿನೊಂದಿಗೆ ಕೂರಿಸಬೇಡಿರಿ. ಮೊದಲನೆಯದು ಮಾಸ್ತರನಾಗುತ್ತದೆ, ಎರಡನೆಯದು ತಲೆಯಾಡಿಸುತ್ತದೆ. ಒಂದು ಮೆಟ್ಟಿಲು ಹೆಚ್ಚುಕಡಿಮೆ ಇರುವವರು ಒಟ್ಟಿಗಿದ್ದರೆ ವಾದ ನಡೆಯುತ್ತದೆ.

ಕೆಂಪು-ಹಸಿರು, ಹುಬ್ಬಳ್ಳಿ

ರೈಲ್ವೆಯಲ್ಲಿ ಲೋಕೋ ಪೈಲಟ್ ಆಗಿ ನಿವೃತ್ತನಾದವನು ನಾನು. ಎಂಜಿನ್ನಿನಲ್ಲಿ ಲೋಕೋ ಪೈಲಟ್ ಮತ್ತು ಸಹಾಯಕ ಲೋಕೋ ಪೈಲಟ್ ಎಂದು ಇಬ್ಬರಿರುತ್ತಾರೆ. ಸಿಗ್ನಲ್ ಕಂಡ ಕೂಡಲೇ ಒಬ್ಬರು ಅದರ ಬಣ್ಣವನ್ನು ಗಟ್ಟಿಯಾಗಿ ಹೇಳಬೇಕು, ಇನ್ನೊಬ್ಬರು ತಮ್ಮ ಕಣ್ಣಿನಿಂದ ನೋಡಿ ಅದನ್ನೇ ಮರಳಿ ಹೇಳಬೇಕು. ಡಿಸ್ಟಂಟ್ ಹಳದಿ, ಹೋಮ್ ಕೆಂಪು, ಹೀಗೆ; ಡಿಸ್ಟಂಟ್, ಹೋಮ್ ಎಂಬುವು ಸಿಗ್ನಲ್‌ಗಳ ಹೆಸರು. ದಾರಿಯುದ್ದಕ್ಕೂ ಇದು ನಡೆಯುತ್ತಲೇ ಇರಬೇಕು. ಹೊರಗಿನವರಿಗೆ ಇದು ಆಟದಂತೆ ಕಾಣಬಹುದು. ಆದರೆ ಬೆಳಗಿನ ಜಾವ ಕಣ್ಣು ತೆರೆದಿದ್ದೂ ಕಾಣದಿರುವ ಹೊತ್ತು ಒಂದಿದೆ, ಆಗ ಬಾಯಿಯೇ ಕಣ್ಣನ್ನು ಎಚ್ಚರಿಸುತ್ತದೆ.

ನಾನು ಹೇಳಬೇಕೆಂದಿರುವುದು ಮಟ್ಟದ ಅಂತರದ ಬಗ್ಗೆ. ಇಬ್ಬರಲ್ಲಿ ಒಬ್ಬರು ಬಹಳ ಹಿರಿಯರಾಗಿದ್ದರೆ ಕಿರಿಯರ ಬಾಯಿ ಕಟ್ಟುತ್ತದೆ. 1977ರ ಮಾರ್ಚ್ 27ರಂದು ಟೆನೆರಿಫ್ ದ್ವೀಪದ ವಿಮಾನ ನಿಲ್ದಾಣದಲ್ಲಿ ಎರಡು ಜಂಬೋ ವಿಮಾನಗಳು ಡಿಕ್ಕಿಯಾಗಿ 583 ಜನ ಸತ್ತರು. ಎದುರಿನ ವಿಮಾನ ರನ್‌ವೇ ಬಿಟ್ಟಿದೆಯೋ ಇಲ್ಲವೋ ಎಂಬ ಅನುಮಾನವನ್ನು ಕೆಎಲ್‌ಎಂ ಎಂಬ ಡಚ್ ಕಂಪನಿಯ ವಿಮಾನದ ಫ್ಲೈಟ್ ಎಂಜಿನಿಯರ್ ಕೇಳಿಯೂ ಇದ್ದ. ಕ್ಯಾಪ್ಟನ್ ಆ ಕಂಪನಿಯಲ್ಲಿ ಪೈಲಟ್‌ಗಳಿಗೆ ತರಬೇತಿ ಕೊಡುವ ದೊಡ್ಡ ಮನುಷ್ಯ, ಬಿಟ್ಟಿದೆ ಎಂದುಬಿಟ್ಟ, ಎಂಜಿನಿಯರ್ ಸುಮ್ಮನಾದ. ಇಂತಹ ಅಪಘಾತಗಳ ನಂತರ ವಿಮಾನದವರು, ಕಿರಿಯರು ಅನುಮಾನವನ್ನು ಹೇಗೆ ಎತ್ತಬೇಕು, ಹಿರಿಯರು ಅದನ್ನು ಹೇಗೆ ಕೇಳಿಸಿಕೊಳ್ಳಬೇಕು ಎಂಬುದನ್ನೇ ಒಂದು ಪಾಠವಾಗಿ ಕಲಿಸತೊಡಗಿದರು.

ನಿಮ್ಮ ಲ್ಯಾಬಿನಲ್ಲಿ ಯಾರೂ ಸಾಯುವುದಿಲ್ಲ, ನಿಜ. ಆದರೆ ಜೋರಿನ ಹುಡುಗನ ಪಕ್ಕದಲ್ಲಿ ಕೂತವಳಿಗೆ ತಪ್ಪು ಕಂಡಿರುತ್ತದೆ, ಅವಳು ಹೇಳಿರುವುದಿಲ್ಲ. ಅವಳು ಹೇಳುವಂತೆ ಮಾಡುವ ನಿಯಮವನ್ನು ನೀವೇ ಹಾಕಬೇಕು.

ಗವಂತಿ, ಧಾರವಾಡ

ಇಬ್ಬರು ಬೇಡದ ಕೆಲಸವೂ ಇದೆ ಎಂದು ಹೇಳಲು ಬರೆಯುತ್ತಿದ್ದೇನೆ. ನಾನು ಕಸೂತಿ ಹಾಕುತ್ತೇನೆ. ಕಸೂತಿಗೆ ಬಟ್ಟೆಯ ಮೇಲೆ ಗೆರೆ ಎಳೆದುಕೊಳ್ಳುವುದಿಲ್ಲ, ನೂಲಿನ ಎಳೆ ಎಣಿಸಿಯೇ ಹಾಕಬೇಕು. ಗವಂತಿ ಎಂಬ ಹೊಲಿಗೆಯಲ್ಲಿ ಸೂಜಿ ಒಂದು ಬಿಟ್ಟು ಒಂದರಂತೆ ಹೊಲಿಯುತ್ತ ಹೋಗಿ, ಬರುವಾಗ ಬಿಟ್ಟ ಜಾಗ ತುಂಬುತ್ತ ಅದೇ ದಾರಿಯಲ್ಲಿ ಮರಳುತ್ತದೆ. ಗಂಟು ಹಾಕುವಂತಿಲ್ಲ, ಎರಡೂ ಬದಿ ಒಂದೇ ತರಹ ಕಾಣಬೇಕು. ಹೋಗುವಾಗ ಒಂದು ಎಳೆ ತಪ್ಪಿ ಎಣಿಸಿದ್ದರೆ ಬರುವಾಗ ಹೊಲಿಗೆ ಕೂಡುವುದೇ ಇಲ್ಲ. ಅಂದರೆ ಮರಳಿ ಬರುವ ದಾರವೇ ನನ್ನ ಜೋಡಿ. ಅಲ್ಲಿ ಇನ್ನೊಬ್ಬರು ಪಕ್ಕದಲ್ಲಿ ಕೂತು ಮಾತಾಡಿದರೆ ನನ್ನ ಎಣಿಕೆ ತಪ್ಪುತ್ತದೆ ಅಷ್ಟೇ.

ತಪ್ಪನ್ನು ತಾನೇ ತೋರಿಸಿಕೊಡುವ ಕೆಲಸಕ್ಕೆ ಎರಡನೆಯವರು ಬೇಡ. ಆದರೆ ಹೊಸದಾಗಿ ಕಲಿಯುವವಳಿಗೆ ಗೋಪುರವನ್ನೋ ತೇರನ್ನೋ ಮೊದಲ ಸಲ ಹಾಕಿಸುವಾಗ, ಅವಳು ಎಣಿಸಿ ಹೇಳುವುದು, ನಾನು ಹಾಕುವುದು, ಆಮೇಲೆ ಅದನ್ನೇ ಅದಲುಬದಲು ಮಾಡುವುದು ಉಪಯೋಗಕ್ಕೆ ಬಂದಿದೆ. ಕಲಿತ ಮೇಲೆ ಇಬ್ಬರೂ ಬೇರೆ ಬೇರೆ ಕೂರುತ್ತೇವೆ.

ಕೇಶ್ವಾಪುರ ಲೆಕ್ಕಿಗ, ಹುಬ್ಬಳ್ಳಿ

ಗವಂತಿ ಅಕ್ಕನವರು ನನ್ನ ಪರವಾಗಿ ನನಗಿಂತ ಚೆನ್ನಾಗಿ ವಾದ ಮಾಡಿದರು. ಪ್ರೋಗ್ರಾಮಿನಲ್ಲೂ ಕಂಪೈಲರ್ (ನಾವು ಬರೆದದ್ದನ್ನು ಯಂತ್ರದ ಭಾಷೆಗೆ ತಿರುಗಿಸುವ ಸಾಫ್ಟ್‌ವೇರ್) ಹಿಡಿಯುವ ತಪ್ಪುಗಳಿಗೆ ಇಬ್ಬರನ್ನು ಕೂರಿಸುವುದು ದಂಡ. ಕಂಪೈಲರಿಗೆ ಕಾಣದ ತಪ್ಪು, ಅಂದರೆ ಲೆಕ್ಕವನ್ನೇ ತಪ್ಪಾಗಿ ತಿಳಿದುಕೊಂಡದ್ದು, ಅಂತಹದಕ್ಕಾದರೆ ನಾನೂ ಒಪ್ಪುತ್ತೇನೆ.

ನವನಗರ ನಿವಾಸಿ, ಹುಬ್ಬಳ್ಳಿ

ಈಗಿನ ಹುಡುಗರಿಗೆ ಮೊಬೈಲಿನಲ್ಲೇ ಕೃತಕ ಬುದ್ಧಿಮತ್ತೆಯ ಸಹಾಯಕ ಇರುವಾಗ ಪಕ್ಕದಲ್ಲಿ ಮನುಷ್ಯ ಏಕೆ ಬೇಕು? ಅದಕ್ಕೆ ಬೇಸರವೂ ಇಲ್ಲ, ಸಂಕೋಚವೂ ಇಲ್ಲ.

ಗೋಕುಲ ರಸ್ತೆಯವ, ಹುಬ್ಬಳ್ಳಿ

ದಿನವೂ ಅದನ್ನು ಬಳಸುವವನಾಗಿ ಹೇಳುತ್ತೇನೆ, ಅದು ಒಳ್ಳೆಯ ಡ್ರೈವರ್. ಆದರೆ ಅರ್ಧಂಬರ್ಧ ಹೇಳಿದರೂ ಉಳಿದರ್ಧವನ್ನು ತಾನೇ ಊಹಿಸಿಕೊಂಡು ಬರೆದುಕೊಡುತ್ತದೆ. ‘ಹತ್ತೂ ಸೇರಿತೇನು?’ ಎಂದು ತಡೆದು ಕೇಳುವುದು ಅಪರೂಪ. ಕಲಿಯುವ ಹಂತದಲ್ಲಿ ನಮಗೆ ಬೇಕಾದದ್ದು ಆ ತಡೆಯೇ. ಜೋಡಿಯಾಗಿ ಕೂತ ಇಬ್ಬರೂ ಸೇರಿ ಅದು ಕೊಟ್ಟ ಉತ್ತರವನ್ನು ಸಾಲು ಸಾಲಾಗಿ ಪರೀಕ್ಷಿಸುವುದಾದರೆ ಅದು ಬೇರೆ ಮಾತು.

ಮೂರನೇ ಸೆಮ್, ಗದಗ

ಗುರುಗಳೇ, ನಾನು ವಿದ್ಯಾರ್ಥಿನಿ. ಎಸ್ಸೆಸ್ಸೆಲ್ಸಿಯವರೆಗೂ ಕನ್ನಡ ಮಾಧ್ಯಮದಲ್ಲಿ ಓದಿದವಳು. ಸುಮ್ಮನೆ ಕೂತವರ ಬಗ್ಗೆ ಎಲ್ಲರೂ ಬರೆದಿದ್ದೀರಿ, ಕೂತವಳ ಕಡೆಯಿಂದಲೂ ಒಂದು ಮಾತು ಹೇಳುತ್ತೇನೆ. ಲ್ಯಾಬಿನಲ್ಲಿ ನನ್ನ ಜೋಡಿಯವನು ಇಂಗ್ಲಿಷಿನಲ್ಲಿ ಪಟಪಟ ಮಾತಾಡುತ್ತಿದ್ದ. ತಪ್ಪು ನನಗೆ ಕಾಣುತ್ತಿತ್ತು. ಅದನ್ನು ಇಂಗ್ಲಿಷಿನಲ್ಲಿ ಹೇಗೆ ಹೇಳುವುದು ಎಂದು ವಾಕ್ಯ ಜೋಡಿಸುವಷ್ಟರಲ್ಲಿ ಅವನು ಮೂರು ಸಾಲು ಮುಂದೆ ಹೋಗಿರುತ್ತಿದ್ದ. ಬರಬರುತ್ತ ರೆಕಾರ್ಡ್ ಬರೆಯುವುದೇ ಲೇಸೆನ್ನಿಸಿತು. ಅವನು ಕೆಟ್ಟವನಲ್ಲ, ನಾನು ಏನೋ ಹೇಳಬೇಕೆಂದಿದ್ದೇನೆ ಎಂಬುದು ಅವನಿಗೆ ಗೊತ್ತೇ ಆಗಿರಲಿಲ್ಲ.

ಜೋಡಿಯಾಗಿ ಕೂರಿಸುವುದಾದರೆ ನಮ್ಮ ಭಾಷೆಯಲ್ಲಿ ಮಾತಾಡಬಹುದು ಎಂದು ಮೊದಲ ದಿನವೇ ಎಲ್ಲರ ಮುಂದೆ ಹೇಳಿರಿ. ಲ್ಯಾಬಿನ ಬಾಗಿಲಿಗೆ ಇಂಗ್ಲಿಷಿನಲ್ಲೇ ಮಾತಾಡಬೇಕು ಎಂದು ಚೀಟಿ ಅಂಟಿಸಿದ್ದರೆ ಬೇರೆ ಯಾವ ನಿಯಮ ಹಾಕಿದರೂ ನಮ್ಮಂಥವರ ಬಾಯಿ ತೆರೆಯುವುದಿಲ್ಲ.

ಗಣಿತದ ಅಕ್ಕೋರು, ಹಾವೇರಿ ಜಿಲ್ಲೆ

ಸರಿಯಾಗಿ ಹೇಳಿದೆಯವ್ವಾ. ನಾನು ಬರೆದ ರೊಟ್ಟಿಯ ಮಾತು ಇಂಗ್ಲಿಷಿನಲ್ಲಿ ಆ ಹುಡುಗಿಯ ಬಾಯಿಂದ ಬರುತ್ತಿರಲಿಲ್ಲ, ಪಠ್ಯಪುಸ್ತಕದ ಕನ್ನಡದಲ್ಲೂ ಬರುತ್ತಿರಲಿಲ್ಲ.

ವಿದ್ಯಾನಗರದ ಮಾಸ್ತರ, ಹುಬ್ಬಳ್ಳಿ

ಎಲ್ಲರಿಗೂ ಧನ್ಯವಾದ. ಇಷ್ಟು ಓದಿದ ಮೇಲೆ ಒಂದು ಕರಡು ಕ್ರಮ ಹಾಕಿಕೊಂಡಿದ್ದೇನೆ, ತಿದ್ದುಪಡಿ ಇದ್ದರೆ ಹೇಳಬೇಕು.

ಎಲ್ಲ ಲ್ಯಾಬ್ ತರಗತಿಗಳಿಗೂ ಜೋಡಿ ಇರುವುದಿಲ್ಲ. ಪ್ರೋಗ್ರಾಮಿಂಗ್ ಭಾಷೆಯ ವ್ಯಾಕರಣದ ರೂಢಿಗಾಗಿ ಬರೆಯುವ ಸಣ್ಣ ಪ್ರೋಗ್ರಾಮುಗಳನ್ನು ಒಬ್ಬೊಬ್ಬರೇ ಬರೆಯಲಿ, ಅಲ್ಲಿ ಕಂಪೈಲರೇ ಗುರು. ಸಮಸ್ಯೆಯನ್ನು ಬಿಡಿಸಿ ನೋಡಬೇಕಾದ ದೊಡ್ಡ ಪ್ರಯೋಗಗಳಿಗೆ ಮಾತ್ರ ಇಬ್ಬರು. ಮೊದಲ ಹತ್ತು ನಿಮಿಷ ಕಂಪ್ಯೂಟರ್ ಮುಟ್ಟದೆ ಇಬ್ಬರೂ ಬೇರೆ ಬೇರೆ ಕಾಗದದ ಮೇಲೆ ತಮ್ಮ ದಾರಿ ಬರೆಯಬೇಕು. ಆಮೇಲೆ ಒಂದೇ ಯಂತ್ರ, ಒಂದೇ ಕೀಬೋರ್ಡು. ಹದಿನೈದು ನಿಮಿಷಕ್ಕೊಮ್ಮೆ ನಾನು ಮೇಜು ಬಡಿದಾಗ ಸಾಲು ಅರ್ಧಕ್ಕಿದ್ದರೂ ಪಾಳಿ ಬದಲಾಗಬೇಕು. ಹೇಳುವವರು ಕೀಬೋರ್ಡು ಮುಟ್ಟುವಂತಿಲ್ಲ. ಬರೆಯುವವರಿಗೆ ಅರ್ಥವಾಗದ ಸಾಲನ್ನು ಬರೆಯದಿರುವ ಹಕ್ಕಿದೆ. ರೈಲ್ವೆಯ ಹಿರಿಯರು ಹೇಳಿದ ನಿಯಮ ಇದೇ ಎಂದು ಭಾವಿಸಿದ್ದೇನೆ. ಮಾತು ಕನ್ನಡದಲ್ಲಿ, ಹುಬ್ಬಳ್ಳಿ ಕನ್ನಡದಲ್ಲಿ, ಹಿಂದಿ-ಉರ್ದುವಿನಲ್ಲಿ, ಇಬ್ಬರಿಗೂ ಬರುವ ಯಾವುದರಲ್ಲಾದರೂ ಇರಲಿ. ಜೋಡಿಗಳು ಕೆಲವು ವಾರಕ್ಕೊಮ್ಮೆ ಬದಲಾಗುತ್ತವೆ, ಹಿಂದಿನ ಪರೀಕ್ಷೆಯಲ್ಲಿ ಹತ್ತಿರದ ಅಂಕ ಪಡೆದವರು ಒಟ್ಟಿಗೆ ಕೂರುತ್ತಾರೆ.

ಅಂಕದ ವಿಷಯದಲ್ಲಿ ಪ್ರೋಗ್ರಾಮಿಗೆ ಇಬ್ಬರಿಗೂ ಒಂದೇ ಅಂಕ, ಆದರೆ ಅದು ಅರ್ಧ ಮಾತ್ರ. ಉಳಿದರ್ಧ ವೈವಾ, ಅಂದರೆ ಮೌಖಿಕ ಪರೀಕ್ಷೆಯಿಂದ ಬರುತ್ತದೆ, ಮತ್ತು ವೈವಾದಲ್ಲಿ ಪ್ರತಿಯೊಬ್ಬರಿಗೂ ಇನ್ನೊಬ್ಬರ ಪಾಳಿಯಲ್ಲಿ ಬರೆದ ಸಾಲುಗಳ ಬಗ್ಗೆಯೇ ಪ್ರಶ್ನೆ ಕೇಳುತ್ತೇನೆ. ಪಕ್ಕದಲ್ಲಿ ಕೂತು ಮೊಬೈಲ್ ನೋಡಿದವರಿಗೆ ಅಲ್ಲಿ ಉತ್ತರ ಸಿಗುವುದಿಲ್ಲ. ಒಬ್ಬರೇ ಕೂತರೆ ಮಾತ್ರ ಕೆಲಸ ಮಾಡಬಲ್ಲವರು ಕೇಳಿಕೊಂಡರೆ, ಕಾಗದದ ಹತ್ತು ನಿಮಿಷ ಮತ್ತು ಕೊನೆಯ ಪರಿಶೀಲನೆ ಮಾತ್ರ ಜೋಡಿಯಾಗಿ ಮಾಡಿ ನಡುವಿನದನ್ನು ಒಬ್ಬರೇ ಮಾಡಬಹುದು.

ಕೇಶ್ವಾಪುರ ಲೆಕ್ಕಿಗ, ಹುಬ್ಬಳ್ಳಿ

ಕೊನೆಯ ವಾಕ್ಯಕ್ಕಾಗಿ ವಂದನೆಗಳು. ಅದೊಂದಿದ್ದರೆ ನನ್ನ ಆಕ್ಷೇಪ ಬಹುಮಟ್ಟಿಗೆ ತೀರಿತು. ಒಂದು ಅನುಮಾನ ಉಳಿದಿದೆ. ವರ್ಷವಿಡೀ ಕನ್ನಡದಲ್ಲಿ ಮಾತಾಡಿ ಕಲಿತವರಿಗೆ ಕೊನೆಯ ಪರೀಕ್ಷೆಯಲ್ಲಿ ಹೊರಗಿನ ಪರೀಕ್ಷಕರು ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳಿದರೆ ಏನು ಮಾಡುತ್ತೀರಿ? ಇನ್ನೊಂದು, ತರಗತಿಯ ಸಂಖ್ಯೆ ಬೆಸವಾಗಿದ್ದರೆ?

ವಿದ್ಯಾನಗರದ ಮಾಸ್ತರ, ಹುಬ್ಬಳ್ಳಿ

ಬೆಸವಾದ ದಿನ ಮೂವರ ಒಂದು ಗುಂಪು ಇರುತ್ತದೆ; ಮೂರನೆಯವರ ಕೆಲಸ, ಪ್ರೋಗ್ರಾಮಿಗೆ ಯಾವ ಅಂಕಿ ಕೊಟ್ಟರೆ ಅದು ಕೆಡುತ್ತದೆ ಎಂದು ಹುಡುಕಿ ಪಟ್ಟಿ ಮಾಡುವುದು. ಪಾಳಿ ಮೂವರಲ್ಲಿ ತಿರುಗುತ್ತದೆ.

ಇಂಗ್ಲಿಷಿನ ವಿಷಯ ನನ್ನ ಕೈಯಲ್ಲಿಲ್ಲ, ಹೊರಗಿನ ಪರೀಕ್ಷಕರು ಬಂದೇ ಬರುತ್ತಾರೆ. ಆದ್ದರಿಂದ ಸೆಮಿಸ್ಟರಿನ ಕೊನೆಯ ಭಾಗದ ವೈವಾಗಳನ್ನು ಜೋಡಿಗಳೇ ಒಬ್ಬರಿಗೊಬ್ಬರು ಇಂಗ್ಲಿಷಿನಲ್ಲಿ ನಡೆಸಲಿ ಎಂದುಕೊಂಡಿದ್ದೇನೆ. ಆ ಹೊತ್ತಿಗೆ ವಿಷಯ ತಲೆಯಲ್ಲಿ ಇರುತ್ತದೆ, ಹುಡುಕಬೇಕಾದದ್ದು ಶಬ್ದ ಮಾತ್ರ. ಮೂರನೇ ಸೆಮ್‌ನ ತಂಗಿ, ಇದು ಸಾಲುತ್ತದೆಯೇ, ಇನ್ನೂ ಬೇಗ ಶುರು ಮಾಡಬೇಕೇ?

ಮೂರನೇ ಸೆಮ್, ಗದಗ

ಇನ್ನೂ ಸ್ವಲ್ಪ ಬೇಗ ಶುರು ಮಾಡಿರಿ ಗುರುಗಳೇ, ಮೊದಲ ಇಂಟರ್ನಲ್ ಮುಗಿದ ಕೂಡಲೇ ಆದರೆ ಒಳ್ಳೆಯದು. ಪ್ರಶ್ನೆ ಕೇಳುವ ಪಾಳಿಯನ್ನು ಮೊದಲು ನಮ್ಮಂಥವರಿಗೆ ಕೊಡಿರಿ. ಉತ್ತರ ಹೇಳುವುದಕ್ಕಿಂತ ಪ್ರಶ್ನೆ ಓದಿ ಕೇಳುವುದು ಸುಲಭ, ಅಷ್ಟರಲ್ಲಿ ಬಾಯಿ ಅಭ್ಯಾಸವಾಗಿರುತ್ತದೆ.